‘ವಾರ್’ ಎಂಬ ಸಿಕ್ಕು

ಇಂಗ್ಲಿಷಿನ ‘ವಾರ್’ ಬಂದದ್ದು ನಮ್ಮ ‘ವೈರ’ದಿಂದ ಎಂಬ ಮಾತು ವಾಟ್ಸಾಪಿನಲ್ಲಿ ಆಗಾಗ ತಿರುಗುತ್ತಿರುತ್ತದೆ. ಕೇಳುವುದಕ್ಕೇನೋ ಚೆನ್ನಾಗಿದೆ. ವಕಾರಕ್ಕೆ ವಕಾರ, ರಕಾರಕ್ಕೆ ರಕಾರ, ಅರ್ಥವೂ ಅಕ್ಕಪಕ್ಕದ್ದೇ. ಆದರೆ ಇವತ್ತಿನ ರೂಪಗಳನ್ನು ಎದುರುಬದುರು ಇಟ್ಟು ಸಂಬಂಧ ಹೇಳುವುದೆಂದರೆ, ಇಬ್ಬರು ಬೋಳುತಲೆಯವರನ್ನು ಕಂಡು ಅಣ್ಣತಮ್ಮಂದಿರು ಎಂದ ಹಾಗೆ. ಮೊದಲು ಎರಡೂ ಪದಗಳನ್ನು ಸಿಗುವಷ್ಟು ಹಿಂದಕ್ಕೆ ಒಯ್ಯಬೇಕು, ಅಲ್ಲಿ ನಿಲ್ಲಿಸಿ ಮುಖ ನೋಡಬೇಕು.

ವೈರ ಹಿಂದಕ್ಕೆ ಹೋದರೆ ಸಿಗುವುದು ವೀರ. ಶಿವನಿಂದ ಶೈವ ಆದಂತೆ ವೀರದಿಂದ ವೈರ. ವೇದಕಾಲದ ಗ್ರಂಥಗಳಲ್ಲಿ ‘ವೈರ’, ‘ವೈರದೇಯ’ ಎಂಬ ಮಾತುಗಳಿಗೆ ಬರೀ ಹಗೆ ಎನ್ನುವುದಕ್ಕಿಂತ ಖಚಿತವಾದ, ಲೆಕ್ಕಕ್ಕೆ ಸಿಗುವ ಅರ್ಥವೊಂದಿದೆ: ಕೊಂದವನು ತೆರಬೇಕಾದ ಬೆಲೆ. ಆಪಸ್ತಂಬ ಧರ್ಮಸೂತ್ರ ದರವನ್ನೂ ಕೊಡುತ್ತದೆ. ವೈರ ತೀರಿಸಲು, ಕ್ಷತ್ರಿಯನನ್ನು ಕೊಂದದ್ದಕ್ಕೆ 1000 ಹಸು, ವೈಶ್ಯನಿಗೆ 100, ಶೂದ್ರನಿಗೆ 10. ಸತ್ತ ಮೇಲೂ ಜಾತಿ ಬಿಡಲಿಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಇದೇ ಏರ್ಪಾಡಿಗೆ ‘ವೆರ್‌ಗಿಲ್ಡ್’ ಎಂದು ಹೆಸರು. ‘ವೆರ್’ ಅಂದರೆ ಗಂಡಸು, ‘ಗಿಲ್ಡ್’ ಅಂದರೆ ತೆರುವ ಹಣ. ವೆಸೆಕ್ಸ್ ರಾಜ್ಯದಲ್ಲಿ ಸಾಮಾನ್ಯ ರೈತನ ಜೀವಕ್ಕೆ 200 ಷಿಲ್ಲಿಂಗ್, ದೊಡ್ಡ ಮನೆತನದವನಿಗೆ 1200. ದರಪಟ್ಟಿ ಅಲ್ಲೂ ಇತ್ತು.

ಈ ‘ವೆರ್’ ನಮ್ಮ ‘ವೀರ’ದ ನಿಜವಾದ ದಾಯಾದಿ. ಲ್ಯಾಟಿನ್ನಿನ ‘ವಿರ್’ ಕೂಡ ಅದೇ ಕುಲದ್ದು. ಇಂಗ್ಲಿಷಿನಲ್ಲಿ ಅದು ಇನ್ನೂ ಎರಡು ಕಡೆ ಅಡಗಿ ಕೂತಿದೆ. ಒಂದು, ಹುಣ್ಣಿಮೆಗೆ ತೋಳವಾಗುವ ಮನುಷ್ಯನ ಹೆಸರು ‘ವೇರ್‌ವುಲ್ಫ್’. ಇನ್ನೊಂದು ಯಾರೂ ನಿರೀಕ್ಷಿಸದ ಜಾಗ, ‘ವರ್ಲ್ಡ್’. ಅದರ ಹಳೆಯ ರೂಪ ‘ವೆಒರೊಲ್ಡ್’. ‘ವೆರ್’ ಜೊತೆಗೆ ವಯಸ್ಸು, ಕಾಲ ಎಂಬ ಅರ್ಥದ ಪದ ಸೇರಿ ‘ಮನುಷ್ಯರ ಕಾಲ’ ಎಂದಾಗಿ, ಕೊನೆಗೆ ಜಗತ್ತು ಎಂದಾಯಿತು. ಅಂದರೆ ‘ವರ್ಲ್ಡ್ ವಾರ್’ ಎಂಬ ಜೋಡಿಯಲ್ಲಿ ನಮ್ಮ ವೀರನ ಸಂಬಂಧಿಕರು ಇದ್ದಾರೆ, ನಿಜ. ಇರುವುದು ಮೊದಲನೆಯ ಪದದಲ್ಲಿ.

ಎರಡನೆಯ ಪದದ ರಕಾರ ಮೂಲದಲ್ಲಿ ಒಂಟಿ ರಕಾರವಲ್ಲ, ಅದರ ಬೆನ್ನಿಗೆ ಒಂದು ಸಕಾರ ಇತ್ತು. ‘ವೆರ್ಸ್’ ಎಂಬಂಥ ಧಾತು. ಇಂಗ್ಲಿಷ್, ಜರ್ಮನ್, ಡಚ್ ಸೇರಿದ ಜರ್ಮ್ಯಾನಿಕ್ ಭಾಷೆಗಳಲ್ಲಿ ಕೆಲವು ಸನ್ನಿವೇಶಗಳಲ್ಲಿ ಸಕಾರ ಮೊದಲು ಜಕಾರದಂತೆ ಮೆತ್ತಗಾಗಿ ಆಮೇಲೆ ರಕಾರವಾಗುತ್ತದೆ. ಇದಕ್ಕೆ ದೊಡ್ಡ ಗ್ರಂಥ ತೆರೆಯಬೇಕಿಲ್ಲ, ಶಾಲೆಯ ಮಕ್ಕಳು ದಿನವೂ ಒಪ್ಪಿಸುವ ‘ವಾಸ್’ ಮತ್ತು ‘ವರ್’ ಸಾಕು. ಒಂದೇ ಕ್ರಿಯಾಪದ, ಏಕವಚನದಲ್ಲಿ ಸಕಾರ ಉಳಿಯಿತು, ಬಹುವಚನದಲ್ಲಿ ರಕಾರವಾಯಿತು. ಹಾಗೇ ‘ವೆರ್ಸ್’ ಎಂಬ ಧಾತುವಿನಿಂದ ‘ವಾರ್’ನ ಹಳೆಯ ರೂಪ ‘ವೆರ್ರ’. ಅದರ ದ್ವಿತ್ವ ರಕಾರದಲ್ಲಿ ಹಳೆಯ ಸಕಾರ ಕರಗಿಹೋಗಿದೆ. ಇನ್ನೂ ಕೆಟ್ಟದ್ದು ಎನ್ನುವ ‘ವರ್ಸ್’ ಕೂಡ ಇದೇ ಧಾತುವಿನದು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಲ್ಲಿ ಸಕಾರ ಬದುಕಿಕೊಂಡಿದೆ. ವೈರದಲ್ಲಿ ಈ ಸಕಾರಕ್ಕೆ ಜಾಗವೇ ಇಲ್ಲ. ವಾಟ್ಸಾಪಿನ ಸಂಬಂಧ ಮುರಿದುಬೀಳುವುದು ಇಲ್ಲಿ.

ಹಾಗಾದರೆ ‘ವೆರ್ರ’ ಅಂದರೆ ಏನು? ಯುದ್ಧವಲ್ಲ. ಸಿಕ್ಕು, ಗೋಜಲು. ನೂಲಿನುಂಡೆ ಕೈತಪ್ಪಿ ಬಿದ್ದಾಗ ಆಗುವಂಥದ್ದು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ಫೆರ್‌ವಿರೆನ್’ ಅಂದರೆ ಗೊಂದಲಗೊಳಿಸು. ‘ವಿರ್‌ವಾರ್’ ಅಂದರೆ ಎಲ್ಲ ಕಲಸುಮೇಲೋಗರ. ಡಚ್ಚರು ‘ಇನ್ ಡೆ ವಾರ್’ ಎಂದರೆ ಯುದ್ಧದಲ್ಲಿದ್ದೇನೆ ಎಂದಲ್ಲ, ತಲೆ ಕೆಟ್ಟುಹೋಗಿದೆ, ಏನೂ ತಿಳಿಯುತ್ತಿಲ್ಲ ಎಂದು. ಈ ಎರಡು ಭಾಷೆಗಳೂ ಯುದ್ಧಕ್ಕೆ ಬೇರೆಯೇ ಪದ ಇಟ್ಟುಕೊಂಡಿವೆ: ಜರ್ಮನ್ನಿನಲ್ಲಿ ‘ಕ್ರೀಗ್’, ಡಚ್ಚಿನಲ್ಲಿ ‘ಓರ್‌ಲಾಗ್’. ಸಿಕ್ಕು ಎಂಬ ಪದವನ್ನು ಯುದ್ಧಕ್ಕೆ ಏರಿಸಿದವರು ಜರ್ಮ್ಯಾನಿಕ್ ನುಡಿಯ ಫ್ರ್ಯಾಂಕರಿಂದ ಅದನ್ನು ಪಡೆದುಕೊಂಡ ಲ್ಯಾಟಿನ್ ಮಕ್ಕಳು. ಫ್ರೆಂಚಿನಲ್ಲಿ ‘ಗೆರ್’, ಇಟಲಿ, ಸ್ಪೇನ್, ಪೋರ್ಚುಗಲ್ಲುಗಳಲ್ಲಿ ‘ಗೆರ್ರಾ’.

ಲ್ಯಾಟಿನ್ನಿಗೆ ತನ್ನದೇ ಪದ ಇರಲಿಲ್ಲವೇ? ಇತ್ತು, ‘ಬೆಲ್ಲುಮ್’. ಇನ್ನೂ ಹಳೆಯ ರೂಪ ‘ದುಎಲ್ಲುಮ್’. ಈ ಹಳೆಯ ರೂಪವನ್ನು ಮಧ್ಯಯುಗದವರು ಕೆದಕಿ ತೆಗೆದು, ಅದರಲ್ಲಿ ಎರಡು ಎಂಬ ಅರ್ಥದ ‘ದುಓ’ ಇದೆ ಎಂದು ತಪ್ಪು ತಿಳಿದು, ಇಬ್ಬರ ನಡುವಿನ ಕಾದಾಟಕ್ಕೆ ಅಂಟಿಸಿದರು. ಅದೇ ‘ಡ್ಯುಯೆಲ್’. ಮಾತಿನ ಲೋಕದಲ್ಲಿ ತಪ್ಪು ತಿಳಿವಳಿಕೆಯೂ ಹೀಗೆ ಸರಿಯಾದ ಪದವನ್ನು ಹೆರುತ್ತದೆ.

‘ಬೆಲ್ಲುಮ್’ ಯಾಕೆ ಸತ್ತಿತು ಎಂಬುದಕ್ಕೆ ಪುಸ್ತಕಗಳು ಹೇಳುವ ಕಾರಣ: ಚೆಲುವು ಎಂಬ ಅರ್ಥದ ‘ಬೆಲ್ಲುಸ್’ ಜೊತೆ ಉಚ್ಚಾರ ಒಂದೇ ಆಗಿಬಿಟ್ಟಿತು, ಜನಕ್ಕೆ ಗಲಿಬಿಲಿಯಾಯಿತು. ಇದೊಂದೇ ಕಾರಣವೆಂದರೆ ನಂಬುವುದು ಕಷ್ಟ. ಕನ್ನಡದಲ್ಲಿ ‘ಹತ್ತು’ ಅಂದರೆ ಸಂಖ್ಯೆಯೂ ಹೌದು, ಮೆಟ್ಟಿಲೇರುವುದೂ ಹೌದು. ‘ಹತ್ತು ಮೆಟ್ಟಿಲು ಹತ್ತು’ ಎಂದರೆ ಯಾರೂ ಕಕ್ಕಾಬಿಕ್ಕಿಯಾಗುವುದಿಲ್ಲ. ಇನ್ನೊಂದು ಕಾರಣ ಹೆಚ್ಚು ಗಟ್ಟಿ. ರೋಮಿನ ಕೊನೆಗಾಲದಲ್ಲಿ ಕಾದಾಡುತ್ತಿದ್ದವರೇ ಬಹುಮಟ್ಟಿಗೆ ಜರ್ಮ್ಯಾನಿಕ್ ಬುಡಕಟ್ಟುಗಳ ಕೂಲಿ ಸೈನಿಕರು, ಆಮೇಲೆ ಆಳಿದವರೂ ಅವರೇ. ಕಸುಬು ಯಾರ ಕೈಗೆ ಹೋಯಿತೋ ಕಸುಬಿನ ಮಾತೂ ಅವರದ್ದೇ ಆಯಿತು. ಅದೂ ಅಲ್ಲದೆ, ಧ್ವಜ ಹಿಡಿದು ಸಾಲುಗಟ್ಟಿ ನಡೆಯುವ ರೋಮನ್ ‘ಬೆಲ್ಲುಮ್’ ಬೇರೆ. ಊರಿಗೆ ಊರು ನುಗ್ಗಿ ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ತಿಳಿಯದ ‘ವೆರ್ರ’ ಬೇರೆ. ಆ ಶತಮಾನಗಳಲ್ಲಿ ಜನ ಕಂಡದ್ದು ಎರಡನೆಯದನ್ನೇ.

ಈ ಪದ ಇಂಗ್ಲಿಷಿಗೆ ಕಾಲಿಟ್ಟ ಗಳಿಗೆಯನ್ನು ಒಂದು ಪುಟದ ಮೇಲೆ ಬೆರಳಿಟ್ಟು ತೋರಿಸಬಹುದು. ಇಂಗ್ಲೆಂಡಿನ ಪೀಟರ್‌ಬರೊ ಮಠದಲ್ಲಿ ಸನ್ಯಾಸಿಗಳು ವರ್ಷವಾರು ಘಟನೆಗಳನ್ನು ಇಂಗ್ಲಿಷಿನಲ್ಲೇ ಬರೆದಿಡುತ್ತಿದ್ದರು. ಫ್ರಾನ್ಸಿನ ಉತ್ತರದ ನಾರ್ಮಂಡಿಯಿಂದ ನಾರ್ಮನ್ನರು 1066ರಲ್ಲಿ ಬಂದು ದೇಶವನ್ನು ಗೆದ್ದು, ಎಲ್ಲೆಡೆ ಬರವಣಿಗೆ ಲ್ಯಾಟಿನ್ನಿಗೆ ತಿರುಗಿದ ಮೇಲೂ ಅಲ್ಲಿ ಅದು ನಡೆದಿತ್ತು. ಕೊನೆಯ ಭಾಗ 1154ರ ಸುಮಾರಿಗೆ ಬರೆದದ್ದು. ಅದರಲ್ಲಿ 1140ನೇ ವರ್ಷದ ಕೆಳಗೆ, ರಾಜ ಸ್ಟೀಫನ್‌ಗೂ ಚೆಸ್ಟರಿನ ಅರ್ಲ್, ಅಂದರೆ ದೊಡ್ಡ ಸರದಾರ, ರ್‍ಯಾಂಡಾಲ್ಫ್‌ಗೂ ನಡುವೆ ಬಹಳ ದೊಡ್ಡ ‘ವೆರ್ರೆ’ ಬೆಳೆಯಿತು ಎಂದಿದೆ. ಕಾಗುಣಿತ ನೋಡಬೇಕು. ಅಲ್ಲಿ ಡಬ್ಲ್ಯು ಅಕ್ಷರ ಇಲ್ಲ. ‘ಯು’ವನ್ನು ಎರಡು ಸಲ ಪಕ್ಕಪಕ್ಕ ಬರೆದಿದ್ದಾರೆ. ಆ ಅಕ್ಷರಕ್ಕೆ ಡಬಲ್-ಯು ಎಂಬ ಹೆಸರು ಬಂದದ್ದೇ ಹಾಗೆ. ಇಂಗ್ಲಿಷಿಗೆ ಈ ಧ್ವನಿಗೆಂದು ‘ವಿನ್’ ಎಂಬ ಸ್ವಂತ ಅಕ್ಷರವಿತ್ತು, ಅದು ಆಗ ಮೂಲೆಗೆ ಸರಿಯುತ್ತಿತ್ತು. ಪದವೂ ಹೊಸದು, ಅದನ್ನು ಬರೆಯುವ ಬಗೆಯೂ ಹೊರಗಿನದು.

ಆ ಕಾಲ ಎಂಥದ್ದು! ಸ್ಟೀಫನ್ 1135ರಿಂದ 1154ರವರೆಗೆ ಆಳಿದ ಎಂದು ಹೇಳುವುದು ಔಪಚಾರಿಕ. ಅವನಿಗೂ ಹಿಂದಿನ ರಾಜನ ಮಗಳು ಮಟಿಲ್ಡಾಗೂ ಕಿರೀಟದ ಜಗಳ. ಸರದಾರರು ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು. ಕೋಟೆ ಕಟ್ಟಿಕೊಂಡವನೇ ಸುತ್ತಲ ಹಳ್ಳಿಗಳಿಗೆ ದೊರೆ. ಕ್ರಿಸ್ತನೂ ಅವನ ಸಂತರೂ ಮಲಗಿಬಿಟ್ಟಿದ್ದಾರೆ ಎಂದು ಜನ ಬಾಯಿಬಿಟ್ಟು ಹೇಳುತ್ತಿದ್ದರು ಎಂದು ಅದೇ ಸನ್ಯಾಸಿ 1137ರ ಕೆಳಗೆ ಬರೆದಿದ್ದಾನೆ. ಸಿಕ್ಕು ಎಂಬ ಮೂಲಾರ್ಥ ಅವನಿಗೆ ಗೊತ್ತಿರಲಾರದು. ಅವನಿಗೆ ಅದು ನಾರ್ಮನ್ ದೊರೆಗಳ ಬಾಯಿಂದ ಕೇಳಿದ ಪದ, ಅಷ್ಟೇ. ಆದರೂ ಆ ಪದ ಬಂದಿಳಿಯಲು ಇದಕ್ಕಿಂತ ತಕ್ಕ ಕಾಲ ಇರಲಿಲ್ಲ.

ಅದಕ್ಕೆ ಮುಂಚೆ ಇಂಗ್ಲಿಷರು ಹೊಡೆದಾಡುತ್ತಿರಲಿಲ್ಲವೇ? ಪದಗಳಿಗೇನೂ ಬರ ಇರಲಿಲ್ಲ. ವೀಗ್, ಗೂಥ್, ಹಿಲ್ಡ್ ಮತ್ತೆ ಇನ್ನೂ ಹಲವು. ಕಾವ್ಯಕ್ಕೆ ಅಷ್ಟು ಬೇಕೇ ಬೇಕಿತ್ತು. ನಮ್ಮ ಹಳೆಯ ಪದ್ಯಕ್ಕೆ ಎರಡನೆಯ ಅಕ್ಷರದ ಪ್ರಾಸ ಹೇಗೋ ಅವರ ಪದ್ಯಕ್ಕೆ ಪದದ ಮೊದಲ ಧ್ವನಿ ಕೂಡಿಬರಬೇಕಿತ್ತು. ಹಕಾರದ ಸಾಲಿಗೆ ಹಿಲ್ಡ್, ಗಕಾರದ ಸಾಲಿಗೆ ಗೂಥ್. ನಮ್ಮ ಕವಿಗಳ ಬಳಿಯೂ ರಣ, ಕದನ, ಆಹವ, ಸಂಗರ, ಸಮರ ಎಂದು ರಾಶಿ ಇದ್ದದ್ದಕ್ಕೆ ಪ್ರಾಸದ ಹೊಟ್ಟೆ ತುಂಬಿಸುವುದೂ ಒಂದು ಕಾರಣ.

ಆ ಹಳೆಯ ಪದಗಳು ಮಾತಿನಿಂದ ಹೋದವು, ಹೆಸರುಗಳಲ್ಲಿ ಉಳಿದವು. ಹಿಲ್ಡಾ ಅಂದರೆ ಯುದ್ಧ. ಮಟಿಲ್ಡಾ ಅಂದರೆ ಯುದ್ಧದಲ್ಲಿ ಬಲಶಾಲಿ. ‘ವೆರ್ರೆ’ ಬಂದ ಆ ಜಗಳದಲ್ಲಿ ಹಳೆಯ ಪದ ಕಿರೀಟ ಕೇಳಿದವಳ ಹೆಸರಲ್ಲೇ ಕೂತಿತ್ತು. ಸ್ಟೀಫನ್ನನ ಹೆಂಡತಿಯ ಹೆಸರೂ ಮಟಿಲ್ಡಾ, ಲೆಕ್ಕ ಸಮ. ಇನ್ನೊಂದು ಹೆಸರು ಇನ್ನೂ ದೂರ ಬಂದಿದೆ. ಸ್ಕ್ಯಾಂಡಿನೇವಿಯದ ‘ಗುನ್‌ಹಿಲ್ಡ್’ರ್’ ಎಂಬ ಹೆಣ್ಣು ಹೆಸರಿನಲ್ಲಿ ಎರಡು ತುಂಡು, ಎರಡರ ಅರ್ಥವೂ ಯುದ್ಧವೇ. ವಿಂಡ್ಸರ್ ಕೋಟೆಯ ಆಯುಧಗಳ 1330ರ ಪಟ್ಟಿಯಲ್ಲಿ ಒಂದು ದೊಡ್ಡ ಕವಣೆಬಿಲ್ಲಿಗೆ ‘ಶ್ರೀಮತಿ ಗುನಿಲ್ಡಾ’ ಎಂದು ಹೆಸರು ಬರೆದಿದೆ. ಸೈನಿಕರಿಗೆ ಆಯುಧಗಳಿಗೆ ಹೆಂಗಸರ ಹೆಸರಿಡುವ ಚಾಳಿ ಎಲ್ಲ ಕಾಲಕ್ಕೂ ಇದೆ. ಆ ಹೆಸರು ಮೊಟಕಾಗಿ ‘ಗನ್’ ಆಯಿತು. ನಮ್ಮ ಹಳ್ಳಿಯ ಹುಡುಗ ಜಾತ್ರೆಯಲ್ಲಿ ಕೊಳ್ಳುವ ಪ್ಲಾಸ್ಟಿಕ್ ಗನ್ನಿನಲ್ಲಿ ಇರುವುದು ಇಂಗ್ಲಿಷರೇ ಬಿಟ್ಟುಬಿಟ್ಟ ಯುದ್ಧದ ಹಳೆಯ ಹೆಸರು.

ಈಗ ಗಕಾರ ಮತ್ತು ವಕಾರದ ವಿಷಯ. ಫ್ರ್ಯಾಂಕರ ‘ವ’ವನ್ನು, ತುಟಿ ದುಂಡಗೆ ಮಾಡಿ ಹೇಳುವ ಆ ವಕಾರವನ್ನು, ಗಾಲ್ ದೇಶದ, ಅಂದರೆ ಈಗಿನ ಫ್ರಾನ್ಸಿನ, ಲ್ಯಾಟಿನ್ ಬಾಯಿ ಹಿಡಿಯಲಾರದೆ ಮುಂದೊಂದು ಗಕಾರದ ಊರುಗೋಲು ಕೊಟ್ಟಿತು: ‘ಗ್ವೆರ್ರ’. ಪ್ಯಾರಿಸ್ ಕಡೆ ಆಮೇಲೆ ‘ವ’ ಬಿದ್ದುಹೋಗಿ ‘ಗ’ ಮಾತ್ರ ಉಳಿಯಿತು. ಉತ್ತರದ ನಾರ್ಮಂಡಿ, ಪಿಕಾರ್ಡಿ ಕಡೆಯವರು ‘ವ’ವನ್ನೇ ಉಳಿಸಿಕೊಂಡರು. ಇಂಗ್ಲೆಂಡಿಗೆ ಮೊದಲು ಬಂದವರು ನಾರ್ಮನ್ನರು, ಹಾಗಾಗಿ ‘ವಾರ್’. ಪ್ಯಾರಿಸ್ಸಿನ ರೂಪಗಳು ಆಮೇಲೆ ಬಂದವು, ಎಷ್ಟೋ ಪದಗಳು ಎರಡೆರಡು ಸಲ ಬಂದವು. ಆ ಜೋಡಿಗಳೆಲ್ಲ ಈಗ ಕನ್ನಡದ ಮನೆಮಾತು. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತಿರುವ ಗಾರ್ಡು, ಇಬ್ಬರೂ ಒಂದೇ ಪದ. ಹಾಸ್ಟೆಲ್ ವಾರ್ಡನ್ನೂ ಅರ್ಜಿಯಲ್ಲಿ ಸಹಿ ಹಾಕುವ ಗಾರ್ಡಿಯನ್ನೂ ಒಂದೇ. ಮಿಕ್ಸಿ ಕೊಳ್ಳುವಾಗ ‘ವಾರಂಟಿ ಇದೆಯಾ ಗ್ಯಾರಂಟಿ ಇದೆಯಾ’ ಎಂದು ಕೇಳುವ ಗಿರಾಕಿ, ಗೊತ್ತಿಲ್ಲದೆ, ನಾರ್ಮಂಡಿಯ ಮಾತೋ ಪ್ಯಾರಿಸ್ಸಿನ ಮಾತೋ ಎಂದು ಕೇಳುತ್ತಿದ್ದಾನೆ. ಅಂಗಡಿಯವನು ಅದಕ್ಕೆ ಬೇರೆ ಬೇರೆ ಉತ್ತರ ಕೊಡುವುದು ವ್ಯಾಪಾರದ ಮರ್ಜಿ. 2023ರಿಂದ ಕರ್ನಾಟಕದಲ್ಲಿ ಗ್ಯಾರಂಟಿಗೆ ರಾಜಕೀಯದ ಅರ್ಥವೂ ಸೇರಿದೆ.

‘ಗೆರ್ರಾ’ ಸ್ಪೇನಿನಿಂದ ಇನ್ನೊಂದು ಸುತ್ತು ಬಂತು. ನೆಪೋಲಿಯನ್ನನ ಪಡೆಗಳ ಮೇಲೆ 1808ರಿಂದ 1814ರವರೆಗೆ ಸ್ಪೇನಿನ ಹಳ್ಳಿಗರು ಸಣ್ಣ ಸಣ್ಣ ಗುಂಪು ಕಟ್ಟಿ ಬೆಟ್ಟಗಳಿಂದ ಎರಗುತ್ತಿದ್ದರು. ಅದಕ್ಕೆ ‘ಗೆರಿಲ್ಲಾ’ ಎಂದರು, ಕಿರುಯುದ್ಧ ಎಂದರ್ಥ. ಕನ್ನಡದಲ್ಲಿ ‘ಗೆರಿಲ್ಲಾ ಯುದ್ಧ’ ಎಂದಾಗ ಅದು ‘ಕಿರುಯುದ್ಧ ಯುದ್ಧ’ ಆಗುತ್ತದೆ. ‘ಗೇಟ್ ಬಾಗಿಲು’ ಎನ್ನುವವರು ನಾವು, ನಡೆಯುತ್ತದೆ.

ಉಚ್ಚಾರದ ಬಗ್ಗೆ ಎರಡೇ ಮಾತು. ‘ವೆರ್ರೆ’ಯ ಎಕಾರ 15ನೇ ಶತಮಾನದ ಹೊತ್ತಿಗೆ ಆಕಾರವಾಯಿತು. ಸಾರ್ಜೆಂಟನ್ನು ಎಕಾರದಲ್ಲಿ ಬರೆದು ಆಕಾರದಲ್ಲಿ ಓದುವುದಕ್ಕೆ ಕಾರಣವೂ ಅದೇ ಬದಲಾವಣೆ. ಆಮೇಲೆ ಹಿಂದಿನ ವಕಾರದ ಸಹವಾಸಕ್ಕೆ ಆ ಆಕಾರವೂ ದುಂಡಾಗಿ, ದೂರ ಎಂಬ ಅರ್ಥದ ‘ಫಾರ್’ ಜೊತೆಗೆ ಹೋಗಬೇಕಿದ್ದದ್ದು ‘ಫೋರ್’ ಕಡೆ ವಾಲಿತು. ನಮ್ಮ ಬಾಯಿ ಅದನ್ನು ಕಾಫಿ, ಡಾಕ್ಟರುಗಳ ಸಾಲಿಗೆ ಸೇರಿಸಿ ಮತ್ತೆ ಆಕಾರ ಮಾಡಿಕೊಂಡಿದೆ.

‘ವಾರ್’ ಜೊತೆ ಇಂಗ್ಲಿಷಿನಲ್ಲಿ ಹೆಚ್ಚಾಗಿ ಬರುವ ಕ್ರಿಯಾಪದ ‘ವೇಜ್’. ಮಿನಿಮಮ್ ವೇಜಸ್ ಎನ್ನುವಾಗಿನ ವೇಜೇ ಇದು. ಮೂಲದ ಅರ್ಥ ಒತ್ತೆ, ಪಣ. ಕೆಲಸಕ್ಕೆ ಕೊಡುವುದಾಗಿ ಮಾತುಕೊಟ್ಟದ್ದು ಕೂಲಿಯಾಯಿತು. ಕಾದಾಡುವುದಾಗಿ ಕೈಗವಸು ಎಸೆದು ಪಣ ತೊಟ್ಟದ್ದು ‘ವೇಜ್ ವಾರ್’ ಆಯಿತು. ಕೈಗವಸು ಎಸೆಯುವುದು ಅಲಂಕಾರವಲ್ಲ. 1817ರಷ್ಟು ಈಚೆಗೆ, ಕೊಲೆ ಆರೋಪ ಹೊತ್ತ ಥಾರ್ನ್‌ಟನ್ ಎಂಬವನು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಕೈಗವಸು ಎಸೆದು ಕಾದಾಟದಿಂದಲೇ ತೀರ್ಪಾಗಲಿ ಎಂದ. ಕಾನೂನಿನಲ್ಲಿ ಆ ಹಕ್ಕು ಇನ್ನೂ ಇದೆ ಎಂದು 1818ರಲ್ಲಿ ನ್ಯಾಯಾಧೀಶರು ಒಪ್ಪಬೇಕಾಯಿತು. ಮರುವರ್ಷ ಸಂಸತ್ತು ಅದನ್ನು ತೆಗೆದುಹಾಕಿತು.

ಈ ‘ವೇಜ್’ ನಮ್ಮ ಕಾನೂನಿನಲ್ಲೂ ಇದೆ. ಹಿಂದಿನ ಭಾರತೀಯ ದಂಡ ಸಂಹಿತೆಯ 121ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 147, ಭಾರತ ಸರ್ಕಾರದ ವಿರುದ್ಧ ‘ವೇಜಿಂಗ್ ವಾರ್’ ಮಾಡಿದವರಿಗೆ ಮರಣದಂಡನೆ ಅಥವಾ ಜೀವಾವಧಿ ಎನ್ನುತ್ತದೆ. ಪತ್ರಿಕೆಗಳು ಇದನ್ನು ‘ದೇಶದ ವಿರುದ್ಧ ಯುದ್ಧ ಸಾರಿದ ಆರೋಪ’ ಎಂದು ಬರೆಯುತ್ತವೆ. ಇದು ಕೈತಪ್ಪು. ಸಾರುವುದು ಡಂಗುರದ ಕೆಲಸ. ಬಂದೂಕು ಬಚ್ಚಿಟ್ಟುಕೊಂಡು ಬಂದವನು ಏನನ್ನೂ ಸಾರುವುದಿಲ್ಲ, ಮತ್ತು ಕಲಮಿಗೆ ಸಾರಬೇಕೆಂಬ ಷರತ್ತೂ ಇಲ್ಲ. ಇಲ್ಲಿ ಸರಿಹೊಂದುವುದು ‘ಹೂಡು’. ದಾವೆ ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ. ಪಣವಿಟ್ಟು ತೊಡಗುವ ಭಾವ ಅದರಲ್ಲಿದೆ. ‘ಯುದ್ಧ ಹೂಡು’ ಎಂದರೆ ‘ವೇಜ್’ನ ಹಳೆಯ ಅರ್ಥಕ್ಕೂ ಹತ್ತಿರ.

ಸಾರುವ ಯುದ್ಧವೇ ಈಗ ಅಪರೂಪ. 1907ರ ಹೇಗ್ ಒಪ್ಪಂದ, ಮುನ್ಸೂಚನೆ ಕೊಡದೆ ಕಾದಾಟ ಆರಂಭಿಸಬಾರದು ಎಂದಿತು. ಅಮೆರಿಕದ ಕಾಂಗ್ರೆಸ್ಸು ವಿಧಿಪೂರ್ವಕ ಯುದ್ಧ ಸಾರಿದ್ದು ಕೊನೆಯ ಸಲ 1942ರ ಜೂನಿನಲ್ಲಿ, ಬಲ್ಗೇರಿಯ, ಹಂಗೇರಿ, ರುಮೇನಿಯಗಳ ಮೇಲೆ. ಕೊರಿಯಾಕ್ಕೆ ಸೈನ್ಯ ಕಳಿಸಿದ 1950ರಲ್ಲಿ ಅಧ್ಯಕ್ಷ ಟ್ರೂಮನ್, ಇದು ವಿಶ್ವಸಂಸ್ಥೆಯ ಕೆಳಗಿನ ಪೊಲೀಸ್ ಕ್ರಮ ಎನ್ನಬಹುದೇ ಎಂದು ಪತ್ರಕರ್ತರು ಕೇಳಿದಾಗ ಹೌದೆಂದರು. ಹೆಸರು ಹೇಳದಿದ್ದರೆ ನಿಯಮ ಅನ್ವಯಿಸುವುದಿಲ್ಲ ಎಂಬ ಈ ಕಳ್ಳದಾರಿಯನ್ನು ಮುಚ್ಚಲೆಂದೇ 1949ರ ಜಿನೀವಾ ಒಪ್ಪಂದಗಳ ಎರಡನೆಯ ವಿಧಿ, ಸಾರಿದ ಯುದ್ಧ ‘ಅಥವಾ ಬೇರಾವುದೇ ಸಶಸ್ತ್ರ ಸಂಘರ್ಷ’ ಎಂದು ಸೇರಿಸಿತ್ತು. ‘ಆರ್ಮ್ಡ್ ಕಾನ್‌ಫ್ಲಿಕ್ಟ್’ ಎಂಬ ಒಣ ಪದ ಕಚೇರಿಗಳಲ್ಲಿ ತಳವೂರಿದ್ದು ಹೀಗೆ. ಎಣಿಸುವವರು ಅದಕ್ಕೂ ಅಳತೆ ಇಟ್ಟಿದ್ದಾರೆ: ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ದತ್ತಾಂಶದಲ್ಲಿ ವರ್ಷಕ್ಕೆ ಕಾದಾಟದ 25 ಸಾವಾದರೆ ಸಶಸ್ತ್ರ ಸಂಘರ್ಷ, 1000 ಮುಟ್ಟಿದರೆ ಯುದ್ಧ.

ಪದದ ಅರ್ಥಕ್ಕೆ ದುಡ್ಡಿನ ಬೆಲೆ ಬಿದ್ದ ಪ್ರಕರಣವೂ ಉಂಟು. 1970ರ ಸೆಪ್ಟೆಂಬರಿನಲ್ಲಿ ಪ್ಯಾನ್ ಆ್ಯಮ್ ಕಂಪನಿಯ ಬೋಯಿಂಗ್ 747 ವಿಮಾನವನ್ನು ಪ್ಯಾಲೆಸ್ತೀನಿನ ಉಗ್ರಗಾಮಿ ಗುಂಪೊಂದು ಅಪಹರಿಸಿ, ಕೈರೋದಲ್ಲಿ ಪ್ರಯಾಣಿಕರನ್ನು ಇಳಿಸಿ ಸ್ಫೋಟಿಸಿತು. ನಷ್ಟ 2.4 ಕೋಟಿ ಡಾಲರಿಗೂ ಮೇಲೆ. ವಿಮೆ ಕಂಪನಿಗಳು, ಇದು ಯುದ್ಧ, ಯುದ್ಧದ ಹಾನಿ ಪಾಲಿಸಿಯಿಂದ ಹೊರಗೆ ಎಂದವು. 1974ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಕಾದಾಡುವವರಿಗೆ ದೇಶವೊಂದರ ಸರ್ಕಾರದ, ಅಥವಾ ಅದಕ್ಕೆ ಸಮೀಪದ ಲಕ್ಷಣ ಇದ್ದರೆ ಮಾತ್ರ ಅದು ‘ವಾರ್’ ಎಂದಿತು. ವಿಮೆಯವರು ಹಣ ಕಟ್ಟಿದರು. ಪಾಲಿಸಿಯ ಕಡೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ವಾರ್ ಎಕ್ಸ್‌ಕ್ಲೂಶನ್’ ಎಂದಿರುವುದರ ಭಾರ ಇಷ್ಟು. ನಮ್ಮ ಸಂವಿಧಾನದ 352ನೇ ವಿಧಿಯಲ್ಲೂ ಇಂಥದೇ ಒಂದು ಪದದ ಬದಲಾವಣೆ ಇದೆ. 1975ರಲ್ಲಿ ತುರ್ತುಪರಿಸ್ಥಿತಿ ಹೇರಲು ಆಧಾರವಾದದ್ದು ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಮಾತು. 1978ರ 44ನೇ ತಿದ್ದುಪಡಿ ಅದನ್ನು ಕಿತ್ತು ‘ಸಶಸ್ತ್ರ ಬಂಡಾಯ’ ಎಂದು ಬಿಗಿ ಮಾಡಿತು.

ಇಂಗ್ಲಿಷಿಗೆ ಒಂದೇ ‘ವಾರ್’, ಕನ್ನಡಕ್ಕೆ ತರುವಾಗ ಅದು ಒಡೆದು ಹಂಚಿಹೋಗುತ್ತದೆ. ಶೀತಲ ಎಂದರೆ ‘ಸಮರ’ ಬರುತ್ತದೆ, ಶೀತಲ ಕಾಳಗ ಎಂದು ಯಾರೂ ಅನ್ನುವುದಿಲ್ಲ. ಸ್ವಾತಂತ್ರ್ಯಕ್ಕೆ ‘ಸಂಗ್ರಾಮ’. ರಾಜಕಾರಣಿಗಳ ಬೈದಾಟಕ್ಕೆ ‘ವಾಕ್ಸಮರ’. ನಾಡೊಳಗಿನದಕ್ಕೆ ‘ಅಂತರ್ಯುದ್ಧ’. 1914ರದ್ದನ್ನು ಇಂಗ್ಲಿಷರು ಆಗ ‘ಗ್ರೇಟ್ ವಾರ್’ ಎನ್ನುತ್ತಿದ್ದರು, ಎರಡನೆಯದು ಬಂದ ಮೇಲೆ ‘ಗ್ರೇಟ್’ ಸರಿದು ‘ವರ್ಲ್ಡ್’ ನಿಂತಿತು. ನಾವು ‘ಮಹಾಯುದ್ಧ’ವನ್ನೂ ಬಿಡದೆ ಅದಕ್ಕೇ ಒಂದನೆಯ, ಎರಡನೆಯ ಎಂದು ಸಂಖ್ಯೆ ಕೊಟ್ಟೆವು.

ಈ ಪದಗಳ ಒಳಗೂ ಇಣುಕಿದರೆ ಸಿಕ್ಕುವುದು ಕತ್ತಿಯಲ್ಲ. ಸಮರ ಅಂದರೆ ಮೂಲದಲ್ಲಿ ಕೂಡುವುದು, ಎದುರಾಗುವುದು. ಸಂಗ್ರಾಮದಲ್ಲಿ ಇರುವುದು ‘ಗ್ರಾಮ’ವೇ, ಆದರೆ ನೆಲೆನಿಂತ ಹಳ್ಳಿಯಲ್ಲ, ವೇದಕಾಲದ ಅಲೆಯುವ ಜನದ ಗುಂಪು, ಅಂಥ ಗುಂಪುಗಳು ಒಂದೆಡೆ ಸೇರಿದವೆಂದರೆ ಕಾದಾಟ ಖಚಿತ. ರಣ ಎಂದರೆ ಮೊದಲಿಗೆ ಸಂತೋಷ, ಆಮೇಲೆ ಯುದ್ಧ. ಅದನ್ನು ಹಾಗೆ ಕಂಡವರ ಬಗ್ಗೆ ಏನು ಹೇಳುವುದು. ಋಗ್ವೇದದ ‘ಗವಿಷ್ಟಿ’ ಎಂಬ ಯುದ್ಧದ ಪದವಂತೂ ಮುಚ್ಚುಮರೆಯಿಲ್ಲದ್ದು. ಬಿಡಿಸಿದರೆ ‘ಹಸುಗಳ ಆಸೆ’. ಕರ್ನಾಟಕದ ಊರೂರಿನ ಹೊರಗೆ ನಿಂತಿರುವ ವೀರಗಲ್ಲುಗಳು ಇದನ್ನೇ ಅಚ್ಚಗನ್ನಡದಲ್ಲಿ ಹೇಳುತ್ತವೆ: ‘ತುರುಗೋಳ್’. ತುರು ಅಂದರೆ ಹಸು, ಕೊಳ್ ಅಂದರೆ ಹಿಡಿದೊಯ್ಯುವುದು. ಆ ಕಲ್ಲುಗಳ ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದವನೊಬ್ಬ. ಮೇಲಿನ ಪಟ್ಟಿಯಲ್ಲಿ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು.